ಗೀಸರ್ ಸೋರುತ್ತಿರುವುದು ಎಲ್ಲಿಂದ?

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿದುಕೊಂಡಿತೆಂದರೆ ಹಾಸನದಲ್ಲಿ ಗೀಸರ್ ರಿಪೇರಿ ಮಾಡುವವರಿಗೆ ಪುರುಸೊತ್ತು ಸಿಗುವುದಿಲ್ಲ. ತಣ್ಣೀರುಹಳ್ಳದಲ್ಲಿ ಕುಳಿತು ಬಿಸಿನೀರಿನ ವಿಚಾರ ಬರೆಯುತ್ತಿದ್ದಾನೆಂದು ಓದುಗರು ನಕ್ಕರೂ ಚಿಂತೆಯಿಲ್ಲ. ಒಂದೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ನಡೆದ ಎರಡು ಸಂಗತಿಗಳನ್ನು ಕಂಡ ಮೇಲೆ ಬರೆಯದಿರಲು ಮನಸ್ಸಾಗಲಿಲ್ಲ. ಎದುರು ಮನೆಯವರು ಕೊಂಡು 4 ವರ್ಷವೂ ತುಂಬದ ಗೀಸರನ್ನು, ನೀರು ಕಾಯುತ್ತಿಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕಿದರು. ನಾನಾದರೋ 11 ವರ್ಷ ದುಡಿದ ಗೀಸರಿನ ತಳದಿಂದ ನೀರು ಜಿನುಗುತ್ತಿದ್ದರೂ ಅದರ ಮೇಲೆ ಮೂರು ಸಲ ದುಡ್ಡು ಸುರಿದೆ. ಅವರು ಇಟ್ಟುಕೊಳ್ಳಬೇಕಾದ್ದನ್ನು ಎಸೆದರು, ನಾನು ಎಸೆಯಬೇಕಾದ್ದನ್ನು ಇಟ್ಟುಕೊಂಡೆ.

ನೀರು ಕಾಯದಿರುವುದು, ವಿಪರೀತ ಕಾಯುವುದು, ಸ್ವಿಚ್ ಹಾಕಿದೊಡನೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಬೀಳುವುದು, ಇವು ಬಹುಮಟ್ಟಿಗೆ ನೀರು ಕಾಯಿಸುವ ಕಾಯಿಲ್ ಅಥವಾ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟಿನ ದೋಷಗಳು. ಅವೆರಡೂ ಬಿಚ್ಚಿ ಬದಲಾಯಿಸಬಹುದಾದ ಬಿಡಿಭಾಗಗಳು. ಹೊಸ ಗೀಸರಿನ ಬೆಲೆಯಲ್ಲಿ ಅವುಗಳದು ಸಣ್ಣ ಪಾಲು. 15 ಲೀಟರಿನ, 2 ಕಿಲೋವ್ಯಾಟಿನ ಗೀಸರು 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು 20ರಿಂದ 25 ನಿಮಿಷ ತೆಗೆದುಕೊಳ್ಳುತ್ತದೆ. ವೋಲ್ಟೇಜ್ ಸರಿಯಾಗಿದ್ದೂ ಮುಕ್ಕಾಲು ಗಂಟೆ ಕಾಯಬೇಕಾಗಿದ್ದರೆ ಮೊದಲು ಈ ಭಾಗಗಳನ್ನು ನೋಡಿಸಬೇಕೇ ಹೊರತು ಅಂಗಡಿಗೆ ಓಡಬೇಕಾಗಿಲ್ಲ. ಕಾಯುವಾಗ ಒಳಗಿನಿಂದ ಜೋಳದ ಅರಳು ಸಿಡಿದಂತೆ ಪಟಪಟ ಸದ್ದು ಬರುವುದು ಸಾಮಾನ್ಯವಾಗಿ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕಾಯಿಲಿಗೆ ಮೆತ್ತಿಕೊಂಡಿರುವುದರಿಂದ. ಹೇಮಾವತಿ ನೀರಿನ ಜೊತೆಗೆ ಬೋರ್‌ವೆಲ್ ನೀರನ್ನೂ ತೊಟ್ಟಿಗೆ ಬಿಟ್ಟುಕೊಳ್ಳುವ ನಮ್ಮಂಥ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಬಿಚ್ಚಿ ತೊಳೆಸಿದರೆ ಹೋಗುತ್ತದೆ.

ಸೋರಿಕೆಯ ಮಾತು ಬೇರೆ. ಅದು ಎಲ್ಲಿಂದ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನೀರು ಕಾಯುವಾಗ ತಣ್ಣೀರಿನ ಪೈಪಿಗೆ ಕೂರಿಸಿರುವ ಸೇಫ್ಟಿ ವಾಲ್ವಿನಿಂದ ನಾಲ್ಕಾರು ಹನಿ ಬೀಳುವುದು ಸೋರಿಕೆಯೇ ಅಲ್ಲ. ಕಾದು ಹಿಗ್ಗಿದ ನೀರು ಹೊರಬರಲೆಂದೇ ಅದನ್ನು ಇಟ್ಟಿರುವುದು. ಬಚ್ಚಲು ಒದ್ದೆಯಾಗುತ್ತದೆಂದು ಆ ಬಾಯಿಗೆ ಬಿರಡೆ ಜಡಿದಿರುವ ಮನೆಗಳನ್ನು ನಾನು ಕಂಡಿದ್ದೇನೆ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಅಂಥ ಗೀಸರ್ ಸಿಡಿಯಬಹುದು. ಪೈಪಿನ ಜೋಡಣೆಯಿಂದಲೋ ಕಾಯಿಲಿನ ಬುಡದ ರಬ್ಬರ್ ವಾಷರಿನಿಂದಲೋ ನೀರು ಬರುತ್ತಿದ್ದರೆ ಅದು ಅರ್ಧ ಗಂಟೆಯ ಕೆಲಸ. ಇವೆಲ್ಲ ಒಣಗಿದ್ದು, ಹೊರಕವಚದ ಕೆಳಗಿನ ಸಂದಿನಿಂದ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಒಳಗಿನ ಟ್ಯಾಂಕೇ ತೂತಾಗಿದೆ ಎಂದರ್ಥ.

ಅದನ್ನು ಬೆಸುಗೆ ಹಾಕಿಸಬಹುದೆಂಬ ಭ್ರಮೆ ನನಗೂ ಇತ್ತು. ನಮ್ಮಜ್ಜಿಯ ಕಾಲದ ತಾಮ್ರದ ಹಂಡೆ ಎರಡು ಮೂರು ಕಡೆ ಬೆಸುಗೆ ಕಂಡರೂ ಇಂದಿಗೂ ಊರಿನ ಮನೆಯ ಹಿತ್ತಿಲ ಬಚ್ಚಲಲ್ಲಿ ಒಲೆಯ ಮೇಲೇ ಇದೆ. ಆದರೆ ಈಗಿನ ಬಹುತೇಕ ಗೀಸರುಗಳ ಟ್ಯಾಂಕ್ ತೆಳುವಾದ ಉಕ್ಕಿನದು. ತುಕ್ಕು ಹಿಡಿಯದಿರಲೆಂದು ಅದರ ಒಳಮೈಗೆ ಗಾಜಿನಂಥ ಲೇಪ ಕೊಟ್ಟಿರುತ್ತಾರೆ. ಬೆಸುಗೆಯ ಶಾಖಕ್ಕೆ ಆ ಲೇಪ ಸುತ್ತಲೂ ಸುಟ್ಟುಹೋಗಿ, ಒಂದು ತೂತು ಮುಚ್ಚಿದರೆ ಅದರ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ನನ್ನ ಮೂರು ಸಲದ ಖರ್ಚು ಹೋದದ್ದು ಹೀಗೆಯೇ: ಮೊದಲು ಅಂಟು, ಆಮೇಲೆ ಬೆಸುಗೆ, ಮತ್ತೊಮ್ಮೆ ಬೆಸುಗೆ.

ಕೊನೆಗೆ ಆ ಗೀಸರನ್ನು ಅಂಗಳದಲ್ಲಿಟ್ಟು ಬಿಚ್ಚಿಸಿದಾಗ ಒಳಗಿನಿಂದ ಒಂದು ಸೇರಿನಷ್ಟು ಸುಣ್ಣದ ಹಕ್ಕಳೆ ಬಿತ್ತು. ಕಾಯಿಲಿನ ಪಕ್ಕದಲ್ಲಿ ಛತ್ರಿಕಡ್ಡಿಯಂತೆ ಸಣಕಲಾದ ಒಂದು ತಂತಿಯಿತ್ತು. ಅದು ಮ್ಯಾಗ್ನೀಷಿಯಂ ಸರಳು, ಹೊಸದಿದ್ದಾಗ ಹೆಬ್ಬೆರಳ ಗಾತ್ರ ಇರುತ್ತದೆಂದು ಕೆಲಸದ ಹುಡುಗ ಹೇಳಿದಾಗಲೇ ನನಗೆ ತಿಳಿದದ್ದು. ಟ್ಯಾಂಕಿನ ಉಕ್ಕು ಸವೆಯುವ ಬದಲು ತಾನು ಸವೆಯುತ್ತಾ ಹೋಗುವುದೇ ಆ ಸರಳಿನ ಕೆಲಸ. ಅದು ಪೂರ್ತಿ ಕರಗಿದ ಮೇಲೆ ಲೇಪದ ಬಿರುಕುಗಳಲ್ಲಿ ತುಕ್ಕು ಟ್ಯಾಂಕಿಗೇ ಬಾಯಿ ಹಾಕುತ್ತದೆ. ಗಡಸು ನೀರಿನವರು ವರ್ಷಕ್ಕೊಮ್ಮೆ ಅದನ್ನು ನೋಡಿಸಿ, ಸವೆದಿದ್ದರೆ ಹೊಸದು ಹಾಕಿಸಬೇಕಂತೆ. 11 ವರ್ಷದಲ್ಲಿ ಒಬ್ಬರೂ ನನಗೆ ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಿಸಿನೀರು ಕೆಂಪಾಗಿ ಬರುತ್ತಿದ್ದರೆ ಬೆಳಗ್ಗೆ ಎದ್ದೊಡನೆ ಎರಡು ಬಿಳಿ ಬಕೆಟ್ಟಿಗೆ ಬಿಸಿ, ತಣ್ಣನೆ ನಲ್ಲಿಗಳಿಂದ ಬೇರೆ ಬೇರೆಯಾಗಿ ನೀರು ಹಿಡಿದು ನೋಡಬೇಕು. ಎರಡೂ ಕೆಂಪಾಗಿದ್ದರೆ ಕಾರಣ ಹಳೆಯ ಕಬ್ಬಿಣದ ಪೈಪಿನಲ್ಲೋ ಮೇಲಿನ ತೊಟ್ಟಿಯಲ್ಲೋ ಇರಬಹುದು; ಬಿಸಿನೀರು ಮಾತ್ರ ಕೆಂಪಾಗಿದ್ದರೆ ಟ್ಯಾಂಕನ್ನು ಅನುಮಾನಿಸಬೇಕು. ನಲ್ಲಿ ಮುಟ್ಟಿದಾಗ ಕೈ ಜುಮ್ಮೆನ್ನುವಂತಿದ್ದರೆ ಯಾವ ಪರೀಕ್ಷೆಗೂ ಕಾಯದೆ ಮೇನ್ ಸ್ವಿಚ್ ಆರಿಸಿ, ಕಾಯಿಲನ್ನೂ ಅರ್ತಿಂಗನ್ನೂ ನೋಡಿಸಬೇಕು. ಕರೆಂಟ್ ಸೋರಿದೊಡನೆ ಅದನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ ಇಲ್ಲದ ಮನೆಯಲ್ಲಿ ಗೀಸರ್ ಬಳಸುವುದು ಮಕ್ಕಳ ಜೀವದ ಜೊತೆ ಆಡಿದಂತೆ.

ನನ್ನ ಲೆಕ್ಕದಲ್ಲಿ, ಟ್ಯಾಂಕ್ ತೂತಾಗಿದ್ದು ವಾರಂಟಿ ಮುಗಿದಿದ್ದರೆ ಆ ಗೀಸರಿಗೆ ಒಂದು ರೂಪಾಯಿಯೂ ಹಾಕಬಾರದು. ಟ್ಯಾಂಕ್ ಗಟ್ಟಿಯಿದ್ದು 10 ವರ್ಷ ದಾಟಿದ ಗೀಸರಿನ ಕಾಯಿಲ್ ಎರಡನೆಯ ಸಲ ಸುಟ್ಟಿದ್ದರೆ, ದುರಸ್ತಿಗೆ ಹೊಸದರ ಅರ್ಧ ಬೆಲೆ ಕೇಳುತ್ತಿದ್ದರೆ, ಆಗಲೂ ಬದಲಾಯಿಸುವುದೇ ಮೇಲು. ಟ್ಯಾಂಕಿನ ವಾರಂಟಿ ಉಳಿದ ಭಾಗಗಳಿಗಿಂತ ಹೆಚ್ಚು ವರ್ಷ ಇರುವುದುಂಟು; ಗುಜರಿಯವನನ್ನು ಕರೆಯುವ ಮುನ್ನ ಬಿಲ್ ಹುಡುಕಿ ನೋಡಿ.

ಜಿಲ್ಲೆಯ ಮಾರಾಟಗಾರರಲ್ಲಿ ನನ್ನ ವಿನಂತಿ ಇಷ್ಟೇ: ಗೀಸರ್ ಕೂರಿಸುವ ದಿನ ಅದರ ಮೈಮೇಲೆ ಒಂದು ಕನ್ನಡದ ಚೀಟಿ ಅಂಟಿಸಿ, ಕೂರಿಸಿದ ತಾರೀಖನ್ನೂ ಮ್ಯಾಗ್ನೀಷಿಯಂ ಸರಳನ್ನು ಮುಂದೆ ನೋಡಿಸಬೇಕಾದ ತಿಂಗಳನ್ನೂ ಅದರಲ್ಲಿ ಬರೆದುಕೊಡಬೇಕು.

ಇಂತಿ,
ನಿವೃತ್ತ ಶಿಕ್ಷಕ,
ತಣ್ಣೀರುಹಳ್ಳ, ಹಾಸನ