ಎಟಿಪಿ ಟಾನಿಕ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ ಎಟಿಪಿ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ ಹೊರಗಿನಿಂದ ಎಟಿಪಿ ಕೊಟ್ಟರೆ ಮನುಷ್ಯರ ಜೀವಕೋಶಗಳು ಚುರುಕಾಗಿ ಬೆಳೆಯುತ್ತವೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಕೆಲವು ವರ್ಷ ಲ್ಯಾಬಿನಲ್ಲಿ ಇದೇ ಕೋಶಗಳನ್ನು ಬೆಳೆಸಿದವಳು.

ಎಟಿಪಿ ಶಕ್ತಿ ಹೊರುವ ಅಣು, ನಿಜ. ಆದರೆ ಅದು ಕೋಶದ ಒಳಗೇ ತಯಾರಾಗಿ ಅಲ್ಲೇ ಖರ್ಚಾಗುತ್ತದೆ. ಅದರ ಮೇಲೆ ಋಣ ವಿದ್ಯುತ್ತು ಜಾಸ್ತಿ, ಹಾಗಾಗಿ ಪೊರೆ ದಾಟಿ ಸುಲಭವಾಗಿ ಒಳಗೆ ನುಗ್ಗಲಾರದು. ಕೋಶ ಬೆಳೆಸಲು ನಾವು ದಿನವೂ ಬಳಸುತ್ತಿದ್ದ ಡಿಎಂಇಎಂ ಎಂಬ ಪೋಷಕ ದ್ರವದಲ್ಲಿ ಎಟಿಪಿ ಇರುವುದೇ ಇಲ್ಲ. ಇರುವುದು ಲೀಟರಿಗೆ 4.5 ಗ್ರಾಂ ಗ್ಲೂಕೋಸ್, ಜೊತೆಗೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ. ದಿನಸಿ ಕೊಟ್ಟರೆ ಸಾಕು, ಅಡುಗೆ ಅವೇ ಮಾಡಿಕೊಳ್ಳುತ್ತವೆ. ಎರಡು ಮೂರು ದಿನದಲ್ಲಿ ಆ ಕೆಂಪು ದ್ರವ ಹಳದಿಗೆ ತಿರುಗಿತೆಂದರೆ ಉಂಡು ಆಮ್ಲ ಬಿಟ್ಟಿವೆ ಎಂದರ್ಥ.

ಹೊರಗೆ ಸಿಗುವ ಎಟಿಪಿಯನ್ನು ಕೋಶ ಊಟ ಅಂತ ನೋಡುವುದಿಲ್ಲ. ಪಕ್ಕದ ಮನೆ, ಅಂದರೆ ಪಕ್ಕದ ಕೋಶ, ಒಡೆದಿದೆ ಎಂಬ ಸುದ್ದಿ ಅಂತ ನೋಡುತ್ತದೆ. ಎಟಿಪಿ ಹೀಗೆ ಸಂದೇಶವನ್ನೂ ಒಯ್ಯುತ್ತದೆ ಎಂದು ವಿಜ್ಞಾನಿ ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲೇ ಹೇಳಿದಾಗ ಬಹಳ ಜನ ನಂಬಲಿಲ್ಲ. 1983ರಲ್ಲಿ ಎಲಿಯೇಜರ್ ರಾಪಪೋರ್ಟ್ ಮನುಷ್ಯರ ಗೆಡ್ಡೆಯ ಕೋಶಗಳಿಗೆ ಎಟಿಪಿ ಹಾಕಿ ನೋಡಿದರು. ಬೆಳೆಯುವುದಿರಲಿ, ಡಿಎನ್‌ಎ ನಕಲು ಮಾಡುವ ಹಂತದಲ್ಲೇ ಅವು ನಿಂತುಬಿಟ್ಟವು! ಪೊರೆಯಲ್ಲಿ ಪಿ2ಎಕ್ಸ್7 ಎಂಬ ಬಾಗಿಲಿರುವ ಕೋಶಗಳಿಗೆ ಎಟಿಪಿ ಅತಿಯಾದರೆ ಸಾವೇ ಗತಿ. ಹಾಗಂತ ಎಲ್ಲ ಕಡೆ ಇದೇ ಕಥೆಯೂ ಅಲ್ಲ. ಕೆಲವು ಕೋಶಗಳು ಸ್ವಲ್ಪ ಎಟಿಪಿ ಸಿಕ್ಕರೆ ಹೆಚ್ಚು ವಿಭಜನೆ ಹೊಂದುತ್ತವೆ. ಇನ್ನೊಂದು ಗೋಜಲು: ಪೊರೆಯ ಮೇಲಿನ ಕಿಣ್ವಗಳು ಎಟಿಪಿಯನ್ನು ಒಡೆದು ಕೊನೆಗೆ ಅಡೆನೊಸಿನ್ ಎಂಬ ಬೇರೆ ಅಣು ಮಾಡುತ್ತವೆ. ಕಂಡ ಪರಿಣಾಮ ಎಟಿಪಿಯದ್ದೋ ಅಡೆನೊಸಿನ್‌ನದ್ದೋ ಅಂತ ಹೇಳುವುದು ಸುಲಭವಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಜಿಮ್‌ಗೆ ಹೋಗುವ ಹುಡುಗ. ನಿಮ್ಮ ಬರಹ ತೋರಿಸಿ, "ಚಿಕ್ಕಮ್ಮ, ಎಟಿಪಿ ಮಾತ್ರೆ ತಗೊಳ್ಳಲಾ?" ಎಂದ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಎಟಿಪಿ ನುಂಗಿಸಿ ರಕ್ತ ಪರೀಕ್ಷೆ ಮಾಡಿದ್ದರು. ರಕ್ತದಲ್ಲಿ ಎಟಿಪಿ ಏರಲಿಲ್ಲ. ಏರಿದ್ದು ಎಟಿಪಿ ಒಡೆದು ಕೊನೆಗೆ ಉಳಿಯುವ ಯೂರಿಕ್ ಆಮ್ಲ. ಅವನಿಗೆ ಅದನ್ನೇ ಹೇಳಿದೆ. ಪೇಪರ್‌ನಲ್ಲೇ ಬಂದಿದೆಯಲ್ಲ ಎಂದು ವಾದಿಸಿದ.

ಆದ್ದರಿಂದ ಒಂದು ತಿದ್ದುಪಡಿ ಹಾಕಿ. ಮುಂದೆ ಇಂಥದ್ದು ಬರೆಯುವಾಗ ಯಾವ ಕೋಶ, ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂಬುದನ್ನೂ ಸೇರಿಸಿ.

ಇಂತಿ,
ಒಬ್ಬ ಓದುಗಿ, ಮೈಸೂರು