ಪಾರ್ಮಾದ ವಂಶಾವಳಿಯಲ್ಲಿ ಹೆಣ್ಣುಮಕ್ಕಳೆಲ್ಲಿ?

ಮಾನ್ಯರೆ,

ಭಾನುವಾರದ ಪುರವಣಿಯಲ್ಲಿ ಬಂದ ಇಟಲಿ ಪ್ರವಾಸದ ಲೇಖನ ಓದಿದೆ. ಪಾರ್ಮಾದ ಚೀಸಿನ ವರ್ಣನೆಗೆ ಎರಡು ಕಾಲಂ ಕೊಟ್ಟ ಲೇಖಕರು ಆ ಊರನ್ನು ಆಳಿದವರಿಗೆ ಒಂದು ಪುಟ್ಟ ಚೌಕಟ್ಟು ಕೊಟ್ಟಿದ್ದಾರೆ: ಫಾರ್ನೇಸೆ ಮನೆತನ 1545ರಿಂದ 1731, ಬೂರ್ಬೊನ್ ಮನೆತನ 1731ರಿಂದ 1859. ಕೆಳಗೆ ಗಂಡಸರ ಹೆಸರುಗಳ ಸಾಲು. ಒಂದು ಮನೆತನ ಎದ್ದುಹೋಗಿ ಇನ್ನೊಂದು ಬಂದು ಕೂತದ್ದು ಇಷ್ಟು ಸಲೀಸಾಗಿ ಅಲ್ಲ. ಯಾರ ಕಡೆಯಿಂದ ಬಂತು ಎಂದು ಕೇಳಿದರೂ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಅದರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲವಲ್ಲ.

ಈ ಡಚಿ (ಡ್ಯೂಕ್ ಆಳುವ ಸೀಮೆ) ಹುಟ್ಟಿದ್ದು ಮಾತ್ರ ಅಪ್ಪನ ಮಮತೆಯಿಂದ. ಚರ್ಚಿನ ಆಸ್ತಿಯಾಗಿದ್ದ ಪಾರ್ಮಾ, ಪಿಯಾಚೆಂಜಾ ಊರುಗಳನ್ನು ಪೋಪ್ ಮೂರನೇ ಪಾಲ್ ತನ್ನ ಮಗ ಪಿಯೆರ್ ಲುಯಿಜಿ ಫಾರ್ನೇಸೆಗೆ ಬರೆದುಕೊಟ್ಟ. (ಪೋಪನಿಗೆ ಮಗನೇ ಎನ್ನಬೇಡಿ, ಆಗ ಅದೇನೂ ಗುಟ್ಟಾಗಿರಲಿಲ್ಲ.) ಎರಡೇ ವರ್ಷಕ್ಕೆ ಪಿಯಾಚೆಂಜಾದ ಶ್ರೀಮಂತರು ಅವನನ್ನು ಇರಿದು ಕೊಂದರು. ಅವರ ಬೆನ್ನಿಗಿದ್ದವನು ಚಕ್ರವರ್ತಿ ಐದನೇ ಚಾರ್ಲ್ಸನ ಮಿಲಾನ್ ಗವರ್ನರ್. ಸತ್ತವನ ಸೊಸೆ ಮಾರ್ಗರೀತಾ ಅದೇ ಚಕ್ರವರ್ತಿಯ ಮಗಳು! ಬೀಗರ ಜಗಳ ಎಂದರೆ ಇದು.

ಇನ್ನು 1731ಕ್ಕೆ ಬರೋಣ. ಕೊನೆಯ ಡ್ಯೂಕ್ ಆಂತೋನಿಯೊ ಮಕ್ಕಳಿಲ್ಲದೆ ಜನವರಿಯಲ್ಲಿ ತೀರಿಕೊಂಡ. ಸಾಯುವ ಮೊದಲು ಹೆಂಡತಿ ಎನ್ರಿಕೆತ್ತಾ ಬಸುರಿ ಎಂದು ನಂಬಿ, ಅವಳ ಹೊಟ್ಟೆಯಲ್ಲಿರುವ ಕೂಸೇ ವಾರಸುದಾರ ಎಂದು ಉಯಿಲು ಬರೆದಿದ್ದ. ವೈದ್ಯರು, ಸೂಲಗಿತ್ತಿಯರು ಪರೀಕ್ಷಿಸಿ ಹೌದೆಂದರು. ಯುರೋಪಿನ ರಾಜಧಾನಿಗಳೆಲ್ಲ ಒಬ್ಬ ವಿಧವೆಯ ಹೊಟ್ಟೆಯ ಮೇಲೆ ಕಣ್ಣಿಟ್ಟು ಕೂತವು. ಸೆಪ್ಟೆಂಬರಿನಲ್ಲಿ ಬಸಿರೇ ಇಲ್ಲ ಎಂದು ಗೊತ್ತಾಯಿತು. ಫಾರ್ನೇಸೆ ಗಂಡು ಸಂತತಿ ಅಲ್ಲಿಗೆ ನಿಂತಿತು.

ಆದರೆ ಮನೆಯ ಮಗಳೊಬ್ಬಳು ಸ್ಪೇನಿನಲ್ಲಿದ್ದಳು: ಆಂತೋನಿಯೊನ ಅಣ್ಣನ ಮಗಳು ಎಲಿಸಬೆತ್ತಾ. ಅವಳ ತಂದೆ ತೀರಿಕೊಂಡಾಗ ವರದಕ್ಷಿಣೆ ವಾಪಸು ಕೊಡಬೇಕಾದೀತೆಂದು ಮೈದುನ ಫ್ರಾಂಚೆಸ್ಕೊನೇ ಅತ್ತಿಗೆಯನ್ನು ಮದುವೆಯಾಗಿದ್ದ. ಹೀಗಾಗಿ ಚಿಕ್ಕಪ್ಪನೇ ಮಲತಂದೆ. 1714ರಲ್ಲಿ ಅವಳನ್ನು ಬೂರ್ಬೊನ್ ಮನೆತನದ ಸ್ಪೇನಿನ ರಾಜ ಐದನೇ ಫಿಲಿಪನಿಗೆ ಕೊಟ್ಟರು. ಬೆಣ್ಣೆ, ಚೀಸು ತಿಂದು ಬೆಳೆದ ಹಳ್ಳಿಗಾಡಿನ ಮುಗ್ಧೆ ಎಂದು ಸಂಬಂಧ ಕುದುರಿಸಿದ ಪಿಯಾಚೆಂಜಾದ ಪಾದ್ರಿ ಅಲ್ಬೆರೋನಿ ಅಲ್ಲಿನವರನ್ನು ನಂಬಿಸಿದ್ದ ಎಂಬ ಕಥೆ ಪ್ರಸಿದ್ಧ. (ಚೀಸಿನ ಲೇಖನಕ್ಕೆ ಇದಾದರೂ ಒದಗುತ್ತಿತ್ತು.) ಆ ಮುಗ್ಧೆ ಗಂಡನ ಮುಖ ನೋಡುವ ಮೊದಲೇ, ಅರಮನೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಹಿರಿಯ ಪರಿಚಾರಿಕೆಯನ್ನು ಗಡಿ ದಾಟಿಸಿದಳು.

ಮುಂದಿನದೆಲ್ಲ ಅವಳ ಹಟದ ಫಲ. ತವರು ತನ್ನ ಮಕ್ಕಳಿಗೇ ಸೇರಬೇಕು ಎಂದು ಯುದ್ಧ, ಒಪ್ಪಂದಗಳಲ್ಲೆಲ್ಲ ಪಟ್ಟು ಹಿಡಿದಳು. ಹಿರಿಯ ಮಗ ಕಾರ್ಲೊ ಪಾರ್ಮಾಕ್ಕೆ ಬಂದ, ನೇಪಲ್ಸ್ ಗೆದ್ದು ಹೊರಟ. ಹೋಗುವಾಗ ಅಜ್ಜಿಮನೆಯ ಚಿತ್ರಸಂಗ್ರಹವನ್ನು ಗಾಡಿ ತುಂಬಿಸಿಕೊಂಡ. ಅದರಲ್ಲಿ ಬಹಳಷ್ಟು ಇವತ್ತಿಗೂ ನೇಪಲ್ಸಿನ ಕಾಪೊದಿಮೊಂತೆ ವಸ್ತುಸಂಗ್ರಹಾಲಯದಲ್ಲಿದೆ. ಪಾರ್ಮಾ ಆಸ್ಟ್ರಿಯಾದ ಪಾಲಾಯಿತು. 1748ರ ಒಪ್ಪಂದದಲ್ಲಿ ಎಲಿಸಬೆತ್ತಾ ಅದನ್ನು ಕಿರಿಯ ಮಗ ಫಿಲಿಪ್ಪೊನಿಗೆ ಮರಳಿ ಗಿಟ್ಟಿಸಿದಳು. ಲೇಖನದ ‘ಬೂರ್ಬೊನ್ ಮನೆತನ’ ನೆಲೆಯೂರಿದ್ದು ಆಗ, ಅಮ್ಮನ ಹಕ್ಕಿನಿಂದ.

ನೆಪೋಲಿಯನ್ ಅದನ್ನೂ ನುಂಗಿದ. ಅವನು ಸೋತ ಮೇಲೆ ಡಚಿ ಅವನ ಹೆಂಡತಿ, ಆಸ್ಟ್ರಿಯಾದ ಚಕ್ರವರ್ತಿಯ ಮಗಳು ಮರಿಯಾ ಲುಯಿಜಾಗೆ ಸಿಕ್ಕಿತು. ಅವಳ ಜೀವಮಾನಕ್ಕೆ ಮಾತ್ರ, ಮಗನಿಗೆ ಹಕ್ಕಿಲ್ಲ ಎಂಬ ಷರತ್ತಿನ ಮೇಲೆ. 1816ರಲ್ಲಿ ಊರಿಗೆ ಬಂದವಳು 1847ರಲ್ಲಿ ಸಾಯುವವರೆಗೆ ಆಳಿದಳು. 1829ರಲ್ಲಿ ತೆರೆದ ಒಪೆರಾ ರಂಗಮಂದಿರ ತೇಯಾತ್ರೊ ರೇಜಿಯೊ ಅವಳು ಕಟ್ಟಿಸಿದ್ದು. ನೇರಳೆ ಹೂವಿನ ಮೇಲೆ ಅವಳಿಗಿದ್ದ ಆಸೆಯನ್ನು ಊರು ಮರೆತಿಲ್ಲ. ನಿಮ್ಮ ಚೌಕಟ್ಟು ಈ 31 ವರ್ಷಗಳನ್ನು ಬೂರ್ಬೊನರ ಲೆಕ್ಕಕ್ಕೆ ಬರೆದಿದೆ. ಬೂರ್ಬೊನರು ಆಗ ಲುಕ್ಕಾದಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದರು.

ಮರಳಿ ಬಂದದ್ದೂ ಹೆಚ್ಚು ಕಾಲಕ್ಕಲ್ಲ. ಬೂರ್ಬೊನ್ ಡ್ಯೂಕ್ ಮೂರನೇ ಕಾರ್ಲೊನನ್ನು 1854ರಲ್ಲಿ ನಡುಬೀದಿಯಲ್ಲಿ ಇರಿದರು. ಐದು ವರ್ಷದ ಮಗ ರೊಬೆರ್ತೊನ ಹೆಸರಿನಲ್ಲಿ ಕೊನೆಯವರೆಗೂ ರಾಜ್ಯ ನಡೆಸಿದವಳು ವಿಧವೆ ಲೂಯಿಸ್ ಮರಿ. ನಿಮ್ಮ ಪಟ್ಟಿಯಲ್ಲಿ ಆ ಕೂಸಿನ ಹೆಸರಿದೆ, ತಾಯಿಯದಿಲ್ಲ.

ತಿದ್ದುಪಡಿ ಹಾಕುವುದಾದರೆ ಆಸ್ಟ್ರಿಯಾದ ಕಾಲ, ನೆಪೋಲಿಯನ್ನನ ಕಾಲ, ಮರಿಯಾ ಲುಯಿಜಾಳ ಕಾಲ ಮೂರನ್ನೂ ಬೇರೆಯಾಗಿ ತೋರಿಸಿ. ಎಲಿಸಬೆತ್ತಾಗೆ ಒಂದು ಸಾಲು ಇರಲಿ, ಚೀಸಿನ ಭಾಗದಿಂದ ಕಡಿದಾದರೂ ಸರಿ.

– ನಿವೃತ್ತ ಇತಿಹಾಸ ಉಪನ್ಯಾಸಕಿ, ಧಾರವಾಡ