ಜ್ವರ ಮುಚ್ಚಿಡುವವರ ಬಗ್ಗೆ, ತಮ್ಮನ ಮಗಳಿಗೆ

ತಿಪಟೂರು
10-8-2025

ಚಿ. ಚೈತ್ರಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮ ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ. ತೆಂಗಿನಕಾಯಿ ರೇಟು ಹೇಳಿದರೆ ನೀನು ಚಟ್ನಿ ತಿನ್ನುವುದನ್ನೇ ಬಿಡ್ತೀಯ, ಅದಿರಲಿ.

ಮೊನ್ನೆ ಫೋನಿನಲ್ಲಿ ತುಂಬಾ ಬೇಜಾರಿನಲ್ಲಿದ್ದೆ. ಅರಸೀಕೆರೆ ಕಡೆಯ ಆ ಹಳ್ಳಿಗೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹೋಗಿ ಎರಡು ತಿಂಗಳಾಯಿತು, ಮನೆಮನೆಗೆ ಹೋಗಿ ಕೇಳಿದರೂ ಯಾರೂ ಜ್ವರ ಅಂತ ಬಾಯಿ ಬಿಡಲ್ಲ, ಒಳಗೆ ಕೆಮ್ಮುವ ಸದ್ದು ಕೇಳಿಸುತ್ತಿದ್ದರೂ ಬಾಗಿಲಲ್ಲೇ ನಿಂತು 'ಏನೂ ಇಲ್ಲ ಮೇಡಂ' ಅನ್ನುತ್ತಾರೆ, ಈ ಜನಕ್ಕೆ ಬುದ್ಧಿ ಇಲ್ಲ ಅಂದೆ. ನಾನು ಹೂಂ ಅಂದು ಸುಮ್ಮನಾದೆ. ಗಿರಾಕಿಗಳು ನಿಂತಿದ್ದರು. ಫೋನಿನಲ್ಲಿ ಇಂಥದ್ದೆಲ್ಲ ಅರ್ಧಕ್ಕೇ ನಿಲ್ಲುತ್ತೆ, ಅದಕ್ಕೇ ಈ ಕಾಗದ.

ಜನಕ್ಕೆ ಬುದ್ಧಿ ಇದೆ ಚೈತ್ರ. ಜಾಸ್ತಿನೇ ಇದೆ. ಬಾಯಿ ಬಿಟ್ಟರೆ ಏನಾಗುತ್ತೆ ಅನ್ನುವುದನ್ನು ಐದು ವರ್ಷದ ಹಿಂದೆ ಕಣ್ಣಾರೆ ನೋಡಿ ಕಲಿತಿದ್ದಾರೆ. ಕಲಿಸಿದವರಲ್ಲಿ ನಾನೂ ಒಬ್ಬ.

ದಿನಸಿ ಅಂಗಡಿಯ ಗಲ್ಲಾ ಹಿಂದೆ ಕೂತವನಿಗೆ ಊರಿನ ನಾಡಿ ಡಾಕ್ಟರಿಗಿಂತ ಮೊದಲೇ ಸಿಗುತ್ತೆ. 2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು, ದೇಶದಲ್ಲೇ ಮೊದಲ ಕೊರೊನಾ ಸಾವು ಅಂತ ಟಿವಿಯಲ್ಲಿ ಬಂತು. ಆವತ್ತು ನಮ್ಮಲ್ಲಿ ವ್ಯಾಪಾರ ಮಾಮೂಲಿ. ಕಲಬುರಗಿ ದೂರ ಅಲ್ವಾ. ಅದೇ ತಿಂಗಳು 24ರ ರಾತ್ರಿ 8 ಗಂಟೆಗೆ ಪ್ರಧಾನಿ 21 ದಿನ ಲಾಕ್‌ಡೌನ್ ಅಂದರು ನೋಡು, ಭಾಷಣ ಮುಗಿಯುವ ಮೊದಲೇ ಅಂಗಡಿ ಮುಂದೆ ಜಾತ್ರೆ. ಯಾವಾಗಲೂ ಅರ್ಧ ಕೆಜಿ ಸಕ್ಕರೆ ಒಯ್ಯುವವರು ಹತ್ತು ಕೆಜಿ ಕೇಳಿದರು. ಉಪ್ಪು ಖಾಲಿ. ಬೆಂಕಿಪೊಟ್ಟಣ ಖಾಲಿ. ಸುಳ್ಳು ಹೇಳಲ್ಲ, ಆ ವಾರ ನಾನೂ ಬೇಳೆಗೆ ಕೆಜಿಗೆ ಐದು ರೂಪಾಯಿ ಜಾಸ್ತಿ ಹಾಕಿದೆ. ನಿಮ್ಮ ದೊಡ್ಡಮ್ಮನಿಗೆ ಗೊತ್ತಾಗಿ ಆವತ್ತು ಊಟಕ್ಕೆ ಬಡಿಸುವಾಗ ತಟ್ಟೆ ಕುಕ್ಕಿದಳು. ಮಾರನೇ ದಿನ ಇಳಿಸಿದೆ.

ಆಮೇಲೆ ನಗರಸಭೆಯವರು ಬಂದು ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದು ಹೋದರು. ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಬೇಕು. ನಮ್ಮ ಜನ ಏನು ಮಾಡಿದರು ಗೊತ್ತಾ? ವೃತ್ತದಲ್ಲಿ ಚಪ್ಪಲಿ ಬಿಟ್ಟು, ಇಲ್ಲ ಚೀಲ ಇಟ್ಟು, ತಾವೆಲ್ಲ ಎದುರಿನ ಹೊಂಗೆ ಮರದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ ಹರಟೆ ಹೊಡೆದರು. ಬಿಸಿಲಲ್ಲಿ ಅಂತರ ಕಾಪಾಡಿದ್ದು ಚಪ್ಪಲಿಗಳು. ಮಾಸ್ಕ್ ಕಥೆಯೂ ಅಷ್ಟೇ. ದಂಡ ನಗರಗಳಲ್ಲಿ 250, ಉಳಿದ ಕಡೆ 100 ಅಂತ ಆದಾಗ ಯಾರೋ ಪುಣ್ಯಾತ್ಮರು ನನ್ನ ಅಂಗಡಿಯ ಮೊಳೆಗೆ ಒಂದು ಮಾಸ್ಕ್ ನೇತುಹಾಕಿ ಹೋದರು. ಪೊಲೀಸ್ ಜೀಪು ತಿರುವಿನಲ್ಲಿ ಕಂಡರೆ ಸಾಕು, ಹತ್ತಿರ ಇದ್ದವರು ಅದನ್ನೇ ಹಾಕಿಕೊಳ್ಳೋರು, ಜೀಪು ಹೋದ ಮೇಲೆ ವಾಪಸ್ ಮೊಳೆಗೆ. ದಿನಕ್ಕೆ ಆರು ಮೂತಿ ಕಂಡ ಮಾಸ್ಕ್ ಅದು. ನಿಮ್ಮ ಪುಸ್ತಕ ಓದಿದವರು ನೋಡಿದ್ದರೆ ತಲೆ ತಿರುಗಿ ಬೀಳುತ್ತಿದ್ದರು.

ಇದೆಲ್ಲ ನಗೆಯ ಮಾತು. ಇದರಿಂದ ಯಾರೂ ಜ್ವರ ಮುಚ್ಚಿಡಲು ಕಲಿಯಲಿಲ್ಲ. ಅದನ್ನು ಕಲಿತಿದ್ದು ಜುಲೈ ಹೊತ್ತಿಗೆ, ಬೆಂಗಳೂರಿನಿಂದ ಬಂದವರ ಮನೆಗಳನ್ನು ಸೀಲ್‌ಡೌನ್ ಮಾಡಲು ಶುರುವಾದಾಗ.

ಓಣಿಯ ಬಾಯಿಗೆ ಅಡ್ಡ ಗಳ ಕಟ್ಟುವುದು, ಗೇಟಿಗೆ ತಗಡು ಬಡಿಯುವುದು, ಬಾಗಿಲಿಗೆ ಚೀಟಿ ಅಂಟಿಸುವುದು. ಚೀಟಿಯಲ್ಲಿ ಇಂಥವರ ಮನೆ, ಇಂಥ ದಿನದಿಂದ ಇಂಥ ದಿನದವರೆಗೆ. ಆಂಬುಲೆನ್ಸ್ ಬಂದರೆ ಬೀದಿಯೆಲ್ಲ ಮಹಡಿ ಮೇಲೆ. ಫೋನ್ ಹಿಡಿದು ವಿಡಿಯೋ. ಅದು ಸಂಜೆಯೊಳಗೆ ಊರಿನ ಎಲ್ಲ ಗ್ರೂಪಿಗೂ ಹೋಗೋದು. ಹೀಗೆ ಚೀಟಿ ಅಂಟಿಸಿದ ಮೇಲೆ ಜನ ಆ ಮನೆಯವರನ್ನು ಅಸ್ಪೃಶ್ಯರ ಹಾಗೆ ನೋಡುತ್ತಿದ್ದಾರೆ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅದೂ 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ನಮ್ಮ ಬೀದಿಯವರು ಪಾಠ ಕಲಿತು ಮುಗಿದಿತ್ತು.

ನನಗೆ ಅದು ಗೊತ್ತಾಗಿದ್ದು ದಿನಸಿ ಚೀಟಿಗಳಿಂದ. ಕಾಳುಮೆಣಸು, ಒಣಶುಂಠಿ, ಜೀರಿಗೆ, ಬೆಲ್ಲ, ಇಷ್ಟನ್ನೂ ಒಟ್ಟಿಗೆ ಕೇಳಿದರೆ ಕಷಾಯ. ಏಪ್ರಿಲ್‌ನಲ್ಲಿ ಊರಿಗೆ ಊರೇ ರಾಜಾರೋಷವಾಗಿ ಕೊಂಡು ಕುಡಿಯಿತು, ಬರದೇ ಇರಲಿ ಅಂತ. ಜುಲೈ ಆಗಸ್ಟ್‌ನಲ್ಲಿ ನಿಜವಾಗಿ ಮೈ ಬಿಸಿಯಾಗಿದ್ದ ಮನೆಯವರು ಕಷಾಯವನ್ನು ತುಂಡು ತುಂಡು ಮಾಡಿ ಕೊಳ್ಳತೊಡಗಿದರು. ಮೆಣಸು ನನ್ನಲ್ಲಿ, ಶುಂಠಿ ಇನ್ನೊಂದು ಅಂಗಡಿಯಲ್ಲಿ, ಮಾತ್ರೆ ಅರಸೀಕೆರೆಯಲ್ಲಿ. ಐವತ್ತು ಗ್ರಾಂ ಮೆಣಸು ಕೊಡಿ ಅನ್ನುವಾಗ 'ಪೊಂಗಲ್‌ಗೆ' ಅಂತ ಕೇಳದೇ ಇದ್ದರೂ ಹೇಳೋರು. ಆ ತಿಂಗಳು ತಿಪಟೂರಿನಲ್ಲಿ ಬೆಂದಷ್ಟು ಪೊಂಗಲ್ ಯಾವ ಧನುರ್ಮಾಸದಲ್ಲೂ ಬೆಂದಿಲ್ಲ.

ನಗಬೇಡ. ನಿನ್ನ ಕಥೆಯೂ ಇದೆ. ನರ್ಸಿಂಗ್ ಮೊದಲ ವರ್ಷ, ಹಾಸ್ಟೆಲ್ ಖಾಲಿ ಮಾಡಿಸಿದರು ಅಂತ ಬೆಂಗಳೂರಿನಿಂದ ಬಂದೆಯಲ್ಲ, ನಿಮ್ಮಪ್ಪ ನಿನ್ನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದ. ಹದಿನೈದು ದಿನ ನೀನು ಬಂದಿರುವುದೇ ನನಗೂ ಗೊತ್ತಿರಲಿಲ್ಲ. ನಿನಗೆ ಒಂದು ಸೀನೂ ಇರಲಿಲ್ಲ, ಆದರೂ ಮುಚ್ಚಿಟ್ಟ. ನಿಮ್ಮಪ್ಪನಿಗೆ ಬುದ್ಧಿ ಇಲ್ಲ ಅಂತೀಯಾ?

ಇನ್ನೂ ಹಿಂದಿನದು ನೆನಪು ಮಾಡಿಕೋ. ಆರೇಳು ವರ್ಷದವಳಿದ್ದಾಗ ನಿನಗೆ ಅಮ್ಮ ಆಗಿತ್ತು, ನೀವು ಚಿಕನ್ ಪಾಕ್ಸ್ ಅನ್ನೋದು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಅದನ್ನು ನೋಡಿ ಯಾರೂ ಒಳಗೆ ಬರಲಿಲ್ಲ. ಮನೆಯಲ್ಲಿ ಒಗ್ಗರಣೆ ಇಲ್ಲ, ನಿನಗೆ ಬೇವಿನ ಸೊಪ್ಪಿನ ಹಾಸಿಗೆ. ಅದೂ ಕ್ವಾರಂಟೈನೇ ಅಲ್ವಾ? ಆದರೆ ದಿನಾ ಬೆಳಿಗ್ಗೆ ಜಗಲಿ ಮೇಲೆ ಎಳನೀರು ಇರೋದು. ಒಂದು ದಿನ ಆರು ಇತ್ತು. ಯಾರಿಟ್ಟರು ಅಂತ ಕೇಳುವಂತಿಲ್ಲ. ಗುಣವಾಗಿ ನೀರು ಹಾಕಿದ ದಿನ ನಿಮ್ಮಮ್ಮ ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿ ಬೀದಿಗೆಲ್ಲ ಹಂಚಿದಳು. ಎಲ್ಲರೂ ತಿಂದರು. ನಿನ್ನ ಕೈಯಿಂದಲೇ ಇಸಕೊಂಡು ತಿಂದರು.

ಪ್ಲೇಗ್ ಕಾಲದ್ದು ನಮ್ಮಜ್ಜಿ ಹೇಳುತ್ತಿದ್ದಳು. ಇಲಿ ಬಿತ್ತು ಅಂದರೆ ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳೋರಂತೆ. ಗೌಡರ ಮನೆಯೂ ಹೊರಗೆ, ಕೂಲಿಯವರ ಮನೆಯೂ ಹೊರಗೆ. ಕಷ್ಟ ಬೇಕಾದಷ್ಟು ಪಟ್ಟರು, ಸತ್ತರು ಕೂಡ. ಆದರೆ ಒಂದೇ ಮನೆಗೆ ಬೆರಳು ತೋರಿಸುವ ಹಾಗಿರಲಿಲ್ಲ. ನಾನು ಹಳೆಯದೆಲ್ಲ ಚೆನ್ನ ಅನ್ನುವವನಲ್ಲ, ನಮ್ಮ ವಯಸ್ಸಿನವರಿಗೆ ಲಸಿಕೆ ಶುರುವಾದ ಮೊದಲ ತಿಂಗಳಲ್ಲೇ ಸಾಲಿನಲ್ಲಿ ನಿಂತವನು. ಹೇಳಿದ್ದು ಇಷ್ಟೇ: ದೂರ ಇಡೋದು ನಮಗೆ ಹೊಸದಲ್ಲ. ಹಿಂದೆ ದೂರ ಇಟ್ಟವರನ್ನು ವಾಪಸ್ ಕರೆದುಕೊಳ್ಳೋದಕ್ಕೂ ಒಂದು ಶಾಸ್ತ್ರ ಇತ್ತು. ಕೊರೊನಾದಲ್ಲಿ ತಗಡು ಬಡಿಯುವವರು ಬಂದರು, ತಂಬಿಟ್ಟು ತಿನ್ನುವವರು ಬರಲಿಲ್ಲ.

ಈಗ ನನ್ನ ವಿಷಯ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಹೆಣ್ಣುಮಗಳು, ಹನ್ನೆರಡು ವರ್ಷದಿಂದ ನನ್ನಲ್ಲಿ ತಿಂಗಳ ಲೆಕ್ಕ. ಗಂಡನಿಗೆ ಪಾಸಿಟಿವ್ ಬಂದು ಮನೆ ಸೀಲ್‌ಡೌನ್ ಆಯಿತು. ಗುಣವಾಗಿ, ಅವಧಿ ಮುಗಿದು, ತಗಡು ತೆಗೆದು, ಮೂರನೇ ದಿನ ಲೆಕ್ಕದ ಪುಸ್ತಕ ಹಿಡಿದು ಬಂದಳು. ಅಂಗಡಿಯಲ್ಲಿ ಐದಾರು ಜನ. ಅವಳನ್ನು ನೋಡಿ ಇಬ್ಬರು ಸರಿದು ನಿಂತರು. ವ್ಯಾಪಾರ ಹೋಗುತ್ತಲ್ಲ ಅಂತ ನನಗೆ ಕಸಿವಿಸಿ. 'ಅಲ್ಲೇ ನಿಲ್ಲಮ್ಮ, ಹುಡುಗನ ಹತ್ತಿರ ಕಳಿಸ್ತೀನಿ' ಅಂದೆ. ಅವಳು ದುಡ್ಡು ಕೊಡಲು ಕೈ ಚಾಚಿದಳು. ನಾನು ಕೋಲಿನಿಂದ ಸೋಪಿನ ನೀರಿನ ಬಕೆಟ್ ತೋರಿಸಿದೆ. ಉಳಿದವರ ದುಡ್ಡು ಆವತ್ತು ಗಲ್ಲಾಕ್ಕೇ ಬಿದ್ದಿತ್ತು. ಅವಳಿಗೂ ಅದು ಕಂಡಿತ್ತು. ಮಾತಾಡಲಿಲ್ಲ. ನೋಟು ಬಿಟ್ಟಳು. ಆಮೇಲೆ ಬಗ್ಗಿ ಚಿಲ್ಲರೆಯನ್ನು ಒಂದೊಂದಾಗಿ ಬಿಟ್ಟಳು. ಹನ್ನೊಂದು ನಾಣ್ಯ. ಎಣಿಸಿದ್ದು ನಾನಲ್ಲ, ನನ್ನ ಕಿವಿ.

ಮುಂದಿನ ತಿಂಗಳು ಲೆಕ್ಕ ಪೂರ್ತಿ ಚುಕ್ತಾ ಮಾಡಿದಳು. ಮತ್ತೆ ಬರಲಿಲ್ಲ.

ನೆನಪಿದೆಯಾ, ಮಾರ್ಚ್ 22ರ ಸಂಜೆ 5 ಗಂಟೆಗೆ ಡಾಕ್ಟರು, ನರ್ಸುಗಳಿಗಾಗಿ ತಟ್ಟೆ ಬಡಿದೆವು. ನಾನು ಅಂಗಡಿಯ ಎಣ್ಣೆ ಡಬ್ಬವನ್ನೇ ಬಡಿದಿದ್ದೆ. ಬಡಿದ ಕೈಯೂ ಕೋಲು ಹಿಡಿದ ಕೈಯೂ ಒಂದೇ.

2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. ಅಂಗಡಿ ಬೆಳಿಗ್ಗೆ 6ರಿಂದ 10. ಇಡೀ ದಿನದ ಜನ ನಾಲ್ಕೇ ಗಂಟೆಯಲ್ಲಿ ನುಗ್ಗೋರು, ವೃತ್ತ ಕಾಲಡಿಯಲ್ಲಿ ಅಳಿಸಿಹೋಗೋದು. ಆ ಸಲ ಮುಚ್ಚಿಟ್ಟಿದ್ದು ಪೊಂಗಲ್ ಮೆಣಸಿನ ಹಾಗೆ ನಗೆಗೆ ಮುಗಿಯಲಿಲ್ಲ. ನೀನೇ ಹೇಳಿದ್ದೆಯಲ್ಲ, ಆಮ್ಲಜನಕ 94ಕ್ಕಿಂತ ಇಳಿದರೆ ಕಾಯಬಾರದು, ಕೆಲವರಿಗೆ ಇಳಿದಿರುವುದೇ ಗೊತ್ತಾಗಲ್ಲ ಅಂತ. ಜನ ಐದು ದಿನ, ಏಳು ದಿನ ಡೋಲೋ ನುಂಗಿ ಬಾಗಿಲು ಹಾಕಿಕೊಂಡು ಕೂತರು. ಮೂಗಿಗೆ ನಿಂಬೆರಸ ಬಿಟ್ಟುಕೊಂಡವರೂ ಇದ್ದರು. ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಒಂದೇ ದಿನಕ್ಕೆ 24 ಜನ ಹೋದರು ಅನ್ನುವ ಸುದ್ದಿ ಬಂದ ಮೇಲೆ ಆಸ್ಪತ್ರೆ ಅಂದರೇ ಹೆದರಿದರು. ನೆರೆಯವರ ಭಯ ಒಂದು ಕಡೆ, ಆಸ್ಪತ್ರೆಯ ಭಯ ಇನ್ನೊಂದು ಕಡೆ. ನಡುವೆ ಮನೆ. ನಮ್ಮ ಬೀದಿಯಲ್ಲೇ ಮೂವರು ಹೋದರು.

ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಸರ್ಕಾರದವರೇ ನಿಂತು ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಕಾವೇರಿಯಲ್ಲಿ ಬಿಟ್ಟರು. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಒಯ್ಯದೆ ಉಳಿದಿದ್ದ ಮಡಕೆಗಳು. ಕೆಲವರ ಮನೆಯವರೆಲ್ಲ ಮಲಗಿದ್ದರು, ಕೆಲವರಿಗೆ ಬರಲು ಬಸ್ಸಿರಲಿಲ್ಲ, ಕೆಲವರಿಗೆ ಹೆದರಿಕೆ. ಎಲ್ಲರನ್ನೂ ಕಟುಕರು ಅನ್ನಲಾರೆ. ಆದರೆ ಟಿವಿಯಲ್ಲಿ ಆ ಸಾಲು ಸಾಲು ಮಡಕೆ ನೋಡಿದ ರಾತ್ರಿ ನನಗೆ ಬಕೆಟ್ಟಿನ ಸದ್ದು ಕೇಳಿಸಿತು.

ನಿಮ್ಮ ಹಾಸನದ ಕಡೆಯದು ಈಗಿನ ಮಾತು. ಮೊನ್ನೆ ಜೂನ್ ಜುಲೈನಲ್ಲಿ ಹರೆಯದವರ ಹೃದಯಾಘಾತದ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವುದಕ್ಕೆ ಮೊದಲೇ ಸಾಲು. ಎಲ್ಲರ ಬಾಯಲ್ಲೂ ಲಸಿಕೆಯದೇ ದೂರು. ತಜ್ಞರ ಸಮಿತಿ ನೋಡಿ, ಲಸಿಕೆಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ ಅಂತ ವರದಿ ಕೊಟ್ಟಿತು. ನನ್ನ ಗಿರಾಕಿಗಳಲ್ಲಿ ವರದಿ ಓದಿದವರು ಯಾರೂ ಇಲ್ಲ, ಫಾರ್ವರ್ಡ್ ಓದದವರೂ ಯಾರೂ ಇಲ್ಲ. ಅವರ ಜೊತೆ ವಾದಕ್ಕೆ ನಿಲ್ಲಬೇಡ. 'ನಾನೂ ಹಾಕಿಸಿಕೊಂಡಿದ್ದೀನಿ, ನಮ್ಮಪ್ಪನಿಗೂ ಹಾಕಿಸಿದ್ದೀನಿ' ಅನ್ನು. ಬಿಪಿ ನೋಡು. ಬೀಡಿ ಎಷ್ಟು ಅಂತ ಮೆಲ್ಲಗೆ ಕೇಳು.

ಇನ್ನು ನೀನು ಮಾಡುವ ಕೆಲಸ. ಗಾಡಿಯನ್ನು ಆ ಮನೆಯ ಮುಂದೆ ನಿಲ್ಲಿಸಬೇಡ, ಎರಡು ಮನೆ ಆಚೆ ನಿಲ್ಲಿಸು. ರಿಜಿಸ್ಟರ್ ಬ್ಯಾಗಿನಿಂದ ತೆಗೆಯುವುದು ಕೂತ ಮೇಲೆ. ಬೀದಿಯಲ್ಲಿ ನಿಂತು 'ಯಾರಿಗಾದರೂ ಜ್ವರ ಇದೆಯಾ' ಅಂತ ಕೂಗಿ ಕೇಳಿದರೆ, ಇಲ್ಲ ಅನ್ನುವುದು ಬಿಟ್ಟು ಇನ್ನೇನು ಹೇಳಬೇಕು ಪಾಪ? ಅಜ್ಜಿಯ ಮಂಡಿ ಕೇಳು, ಮಗುವಿನ ಊಟ ಕೇಳು, ಜ್ವರ ತಾನಾಗಿ ಬರುತ್ತೆ. ಕಷಾಯ ಕುಡಿದೆವು ಅಂದರೆ ಬೈಯಬೇಡ, ಕುಡಿಯಲಿ, ಮೆಣಸಿನ ವ್ಯಾಪಾರಿ ಹೇಳುತ್ತಿದ್ದೀನಿ. ಕುಡಿದ ಮೇಲೂ ಉಸಿರು ಸಾಲದು ಅನಿಸಿದರೆ ರಾತ್ರಿಯಾದರೂ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಾ. ಒಬ್ಬರ ಮನೆ ಸುದ್ದಿ ಇನ್ನೊಬ್ಬರ ಮನೆಯಲ್ಲಿ ಬಾಯಿ ತಪ್ಪಿಯೂ ಬೇಡ. ಆಶಾ ಕಾರ್ಯಕರ್ತೆಯನ್ನು ಜೊತೆಗಿಟ್ಟುಕೋ, ಆಕೆಗೆ ನನಗಿಂತ ಚೆನ್ನಾಗಿ ಊರಿನ ನಾಡಿ ಗೊತ್ತಿರುತ್ತೆ. ಯಾರಿಗಾದರೂ ಗುಣವಾಯಿತು ಅಂದರೆ, ಆ ವಾರ ಬಿಡುವಿಲ್ಲದಿದ್ದರೂ ಅವರ ಜಗಲಿ ಮೇಲೆ, ಬೀದಿಗೆ ಕಾಣುವ ಹಾಗೆ ಕೂತು ಒಂದು ಲೋಟ ಕಾಫಿ ಕುಡಿದು ಬಾ. ಸಕ್ಕರೆ ಜಾಸ್ತಿ ಹಾಕುತ್ತಾರೆ, ಕುಡಿ.

ಆ ಹೆಣ್ಣುಮಗಳು ಈಗಲೂ ನಮ್ಮ ಅಂಗಡಿ ಮುಂದೆಯೇ ಹೋಗುತ್ತಾಳೆ, ಸರ್ಕಲ್ಲಿನ ಅಂಗಡಿಗೆ. ನಾನು ತಲೆ ಎತ್ತುತ್ತೇನೆ, ಅವಳು ನೋಡಲ್ಲ. ಎರಡು ಸಲ ಎದ್ದು ಬಾಗಿಲವರೆಗೂ ಹೋಗಿದ್ದೆ. ಏನಂತ ಹೇಳೋದು ಗೊತ್ತಾಗಲಿಲ್ಲ. ಹೋದ ವಾರ ಅವಳ ಚಿಕ್ಕ ಮಗ ಬಂದು ಒಂದು ಪೆನ್ನು ಕೇಳಿದ. ಹತ್ತು ರೂಪಾಯಿ ನಾಣ್ಯ ಕೊಟ್ಟ. ಕೈಯಲ್ಲೇ ಇಸಕೊಂಡೆ.

ಗೌರಿ ಹಬ್ಬಕ್ಕೆ ಎರಡು ದಿನ ರಜೆ ಹಾಕಿ ಬಾ, ನಿಮ್ಮ ದೊಡ್ಡಮ್ಮ ಬಾಗಿನಕ್ಕೆ ಮೊರ ತಂದಿಟ್ಟಿದ್ದಾಳೆ. ಈ ಕಾಗದ ತರುವ ಹುಡುಗನ ಕೈಯಲ್ಲೇ ನಮ್ಮ ಮನೆಯ ಆಕ್ಸಿಮೀಟರ್ ಕಳಿಸಿದ್ದೇನೆ, ಇಲ್ಲಿ ಸುಮ್ನೆ ಬಿದ್ದಿತ್ತು. ಸೆಲ್ ಸತ್ತಿದೆ, ಹೊಸದು ಎರಡು ಸಣ್ಣವು ಹಾಕಿಕೋ.

ಇಂತಿ,
ನಿನ್ನ ದೊಡ್ಡಪ್ಪ